ಅರ್ಹತೆಯಿದ್ದೂ ವಿಮೆಯ ಹೊರಗೆ ಉಳಿಯುವ ಬಡ ಕುಟುಂಬಗಳ ಮಕ್ಕಳು: ತೊಡಕು ಎಲ್ಲಿದೆ?

ಕಡತಗಾರ (ಚರ್ಚೆಯ ಆರಂಭ)

ಸರ್ಕಾರಿ ಆರೋಗ್ಯ ವಿಮೆಯ ಮಾತು ಬಂದಾಗಲೆಲ್ಲ ಚರ್ಚೆ ಎರಡೇ ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತದೆ. ಆದಾಯದ ಮಿತಿ ಎಷ್ಟಿರಬೇಕು ಎಂಬುದು ಒಂದು, ಹಣ ಎಲ್ಲಿಂದ ಬರಬೇಕು ಎಂಬುದು ಇನ್ನೊಂದು. ಇವೆರಡೂ ಇತ್ಯರ್ಥವಾದ ಮೇಲೆ, ಅಂದರೆ ಕಾನೂನು ಬಂದು, ಅನುದಾನವೂ ಮಂಜೂರಾಗಿ, ಕಡಿಮೆ ಆದಾಯದ ಮನೆಯ ಮಗುವಿಗೆ ಉಚಿತವಾಗಿ ಅಥವಾ ನಾಮಮಾತ್ರದ ಕಂತಿಗೆ ವಿಮೆ ಸಿಗುತ್ತದೆ ಎಂದು ಕಾಗದದ ಮೇಲೆ ಸ್ಪಷ್ಟವಾದ ಮೇಲೂ ಲಕ್ಷಾಂತರ ಮಕ್ಕಳು ಹೊರಗೇ ಉಳಿಯುತ್ತಾರೆ. ಇದು ಏಕೆ ಹೀಗೆ ಎಂಬುದನ್ನಷ್ಟೇ ಇಲ್ಲಿ ಚರ್ಚಿಸೋಣ ಎಂಬುದು ನನ್ನ ಕೋರಿಕೆ.

ಅಮೆರಿಕದ ಉದಾಹರಣೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಅಲ್ಲಿ ಇಟ್ಟಿರುವಷ್ಟು ಲೆಕ್ಕ ಬೇರೆ ಕಡೆ ಸಿಗುವುದು ಕಷ್ಟ. ಬಡವರಿಗಾಗಿ ಮೆಡಿಕೈಡ್ 1965ರಲ್ಲಿ ಬಂತು. ಮೆಡಿಕೈಡ್‌ಗೆ ಆದಾಯ ತುಸು ಹೆಚ್ಚು, ಖಾಸಗಿ ವಿಮೆ ಕೊಳ್ಳಲು ತೀರಾ ಕಡಿಮೆ ಎಂಬ ಸ್ಥಿತಿಯಲ್ಲಿದ್ದ ಕುಟುಂಬಗಳ ಮಕ್ಕಳಿಗಾಗಿ 1997ರಲ್ಲಿ ಚಿಪ್ ಎಂಬ ಯೋಜನೆ ಬಂತು. ಡೆಮಾಕ್ರಟಿಕ್ ಪಕ್ಷದ ಎಡ್ವರ್ಡ್ ಕೆನಡಿ ಮತ್ತು ರಿಪಬ್ಲಿಕನ್ ಪಕ್ಷದ ಆರಿನ್ ಹ್ಯಾಚ್ ಜೊತೆಯಾಗಿ ನಿಂತು ತಂದ ಯೋಜನೆ ಅದು. ಆಗ ಶೇ 14ರಷ್ಟು ಮಕ್ಕಳಿಗೆ ಯಾವ ವಿಮೆಯೂ ಇರಲಿಲ್ಲ. 2016ರ ವೇಳೆಗೆ ಆ ಪ್ರಮಾಣ ಶೇ 5ರ ಆಸುಪಾಸಿಗೆ ಇಳಿದಿತ್ತು. ಸಾಧನೆ ದೊಡ್ಡದೇ. ಆದರೆ ಉಳಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈ ಎರಡರಲ್ಲಿ ಒಂದು ಯೋಜನೆಗೆ ಆಗಲೇ ಅರ್ಹರಾಗಿದ್ದವರು. ಅವರಿಗಾಗಿ ಹೊಸ ಕಾನೂನು ಬೇಕಿರಲಿಲ್ಲ.

ನನ್ನ ವಾದ ಇಷ್ಟು. ಮಗುವನ್ನು ವಿಮೆಗೆ ಸೇರಿಸುವ ಹೊಣೆಯನ್ನು ವ್ಯವಸ್ಥೆ ತಾನು ಹೊರದೆ ತಾಯ್ತಂದೆಯರ ಹೆಗಲಿಗೆ ವರ್ಗಾಯಿಸಿದೆ. ಅದೂ ಒಮ್ಮೆಯಲ್ಲ, ಪ್ರತಿ ನವೀಕರಣದಲ್ಲೂ. ಮಾಹಿತಿಯ ಕೊರತೆ, ಅರಿವಿನ ಕೊರತೆ ಎಂದು ನಾವು ಹೇಳುತ್ತಾ ಬಂದಿರುವುದರಲ್ಲಿ ಬಹುಪಾಲು ವಾಸ್ತವವಾಗಿ ಕಾಗದಪತ್ರದ ಹೊರೆ.

ಲೆಕ್ಕಪರಿಶೋಧಕ

ವಿಷಯ ಒಳ್ಳೆಯದು, ಆದರೆ ನಿಮ್ಮ ವಾದ ಏಕಪಕ್ಷೀಯವಾಗಿದೆ. ಸಾರ್ವಜನಿಕ ಹಣದಿಂದ ನಡೆಯುವ ಯಾವ ಯೋಜನೆಯಲ್ಲೂ ಫಲಾನುಭವಿ ನಿಜವಾಗಿ ಅರ್ಹನೇ ಎಂದು ಪರಿಶೀಲಿಸದೆ ಹಣ ಕೊಡಲಾಗದು. ಕುಟುಂಬದ ಆದಾಯ ಬದಲಾಗುತ್ತದೆ, ಕುಟುಂಬ ಬೇರೆ ರಾಜ್ಯಕ್ಕೆ ಹೋಗಿರುತ್ತದೆ, ತಂದೆಗೆ ನೌಕರಿ ಸಿಕ್ಕಿ ಅಲ್ಲಿಯ ವಿಮೆಯಲ್ಲಿ ಮಗುವಿನ ಹೆಸರು ಸೇರಿರುತ್ತದೆ. ಇವನ್ನು ವರ್ಷಕ್ಕೊಮ್ಮೆ ಕೇಳುವುದು ಹೊರೆಯೇ? ಬ್ಯಾಂಕ್ ಖಾತೆಗೂ ದಾಖಲೆ ಕೇಳುತ್ತಾರೆ, ಶಾಲೆಯ ಪ್ರವೇಶಕ್ಕೂ ಕೇಳುತ್ತಾರೆ. ಅನರ್ಹರು ಒಳಗೆ ಉಳಿದರೆ ಮುಂದೆ ಯೋಜನೆಯನ್ನೇ ಮೊಟಕುಗೊಳಿಸಬೇಕೆನ್ನುವವರಿಗೆ ನಾವೇ ಅಸ್ತ್ರ ಕೊಟ್ಟಂತಾಗುತ್ತದೆ ಎಂಬುದನ್ನೂ ಮರೆಯಬಾರದು.

ಮಕ್ಕಳ ವಾರ್ಡಿನ ದಾದಿ

ಪರಿಶೀಲನೆ ಬೇಡ ಎಂದು ಯಾರೂ ಹೇಳುತ್ತಿಲ್ಲ. ಆದರೆ ಆ ಪರಿಶೀಲನೆ ನೆಲದ ಮೇಲೆ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರಿಗೆ ಬ್ಯಾಂಕಿನ ಹೋಲಿಕೆ ಒಪ್ಪಿಗೆಯಾಗುವುದಿಲ್ಲ.

ನವೀಕರಣದ ನೋಟಿಸು ಹಳೆಯ ವಿಳಾಸಕ್ಕೆ ಹೋಗುತ್ತದೆ, ಏಕೆಂದರೆ ಬಾಡಿಗೆ ಮನೆಯಲ್ಲಿರುವವರು ಪದೇ ಪದೇ ಮನೆ ಬದಲಿಸುತ್ತಾರೆ. ಕೈಗೆ ತಲುಪಿದರೂ ಅದು ಹಲವು ಪುಟಗಳ ಕಾನೂನಿನ ಭಾಷೆ. ಯಾವ ತಾರೀಖಿನೊಳಗೆ ಏನು ಕಳುಹಿಸಬೇಕು ಎಂಬ ಒಂದು ಸಾಲು ಮೂರನೆಯ ಪುಟದ ಕೆಳಗೆಲ್ಲೋ ಅಡಗಿರುತ್ತದೆ. ಕೂಲಿಗೆ ಹೋಗುವವರ ಬಳಿ ಸಂಬಳದ ಚೀಟಿ ಇರುವುದಿಲ್ಲ. ಸಹಾಯವಾಣಿಗೆ ಕರೆ ಮಾಡಿದರೆ ಕಾಯಬೇಕು, ಮತ್ತು ಕೆಲಸದ ಹೊತ್ತಿನಲ್ಲಿ ಹಾಗೆ ಫೋನು ಹಿಡಿದು ಕಾಯಲು ಯಾವ ಮೇಸ್ತ್ರಿಯೂ ಬಿಡುವುದಿಲ್ಲ. ಇಷ್ಟಾಗಿ ಗಡುವು ಮೀರಿದ್ದು ತಾಯಿಗೆ ಗೊತ್ತಾಗುವುದು ಕಚೇರಿಯಿಂದಲ್ಲ. ಉಬ್ಬಸದ ಮಗುವಿನ ಇನ್‌ಹೇಲರ್ ಮುಗಿದು, ಔಷಧದ ಕೌಂಟರಿನಲ್ಲಿ ನಿಂತಾಗ ಕಂಪ್ಯೂಟರಿನಲ್ಲಿ ‘ವಿಮೆ ಚಾಲ್ತಿಯಲ್ಲಿಲ್ಲ’ ಎಂದು ಬರುತ್ತದಲ್ಲ, ಆಗ ಗೊತ್ತಾಗುತ್ತದೆ. ಉಬ್ಬಸದ ಔಷಧ ಕೆಲವು ವಾರ ತಪ್ಪಿದರೆ ಆ ಮಗು ತುರ್ತು ಚಿಕಿತ್ಸೆಗೆ ಬರುವ ಸಾಧ್ಯತೆ ಹೆಚ್ಚುತ್ತದೆ. ಲಸಿಕೆಯ ಸರದಿ, ಕಿವಿ ಮತ್ತು ಕಣ್ಣಿನ ತಪಾಸಣೆ ಇವೆಲ್ಲ ಹೀಗೆಯೇ ಜಾರಿಹೋಗುತ್ತವೆ, ಆದರೆ ಅವುಗಳ ಪರಿಣಾಮ ಆ ವಾರವೇ ಕಾಣಿಸದ ಕಾರಣ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಮಾತು. ಹೀಗೆ ಹೆಸರು ಕಳೆದುಕೊಂಡ ಮಕ್ಕಳಲ್ಲಿ ಅನೇಕರು ಕೆಲವೇ ತಿಂಗಳಲ್ಲಿ ಮತ್ತೆ ಅದೇ ಯೋಜನೆಗೆ ಮರಳುತ್ತಾರೆ. ಹಾಗೆ ಮರಳಿದವರ ಅರ್ಹತೆ ತಪ್ಪಿದ್ದು ಕಡಿಮೆ, ಕಾಗದ ತಪ್ಪಿದ್ದೇ ಹೆಚ್ಚು.

ಕಡತಗಾರ

ದಾದಿಯವರು ಹೇಳಿದ್ದಕ್ಕೆ ಇತ್ತೀಚಿನ ಒಂದು ದೊಡ್ಡ ಪುರಾವೆಯೇ ಇದೆ. ಕೋವಿಡ್ ಸಮಯದಲ್ಲಿ, 2020ರ ಮಾರ್ಚ್‌ನಲ್ಲಿ, ಅಮೆರಿಕದ ಸಂಸತ್ತು ರಾಜ್ಯಗಳಿಗೆ ಒಂದು ಷರತ್ತು ಹಾಕಿತು: ಹೆಚ್ಚುವರಿ ಕೇಂದ್ರ ಅನುದಾನ ಬೇಕಾದರೆ ಮೆಡಿಕೈಡ್‌ನಲ್ಲಿರುವ ಯಾರನ್ನೂ ಹೊರಹಾಕುವಂತಿಲ್ಲ. ಮೂರು ವರ್ಷ ನವೀಕರಣದ ಗೋಜಿಲ್ಲದೆ ಮಕ್ಕಳು ಒಳಗೆ ಉಳಿದರು. 2023ರ ಮಾರ್ಚ್ 31ಕ್ಕೆ ಆ ರಕ್ಷಣೆ ಮುಗಿಯಿತು. ಮುಂದಿನ ಒಂದೂವರೆ ವರ್ಷದ ಅವಧಿಯಲ್ಲಿ ಮಕ್ಕಳೂ ದೊಡ್ಡವರೂ ಸೇರಿ 2.5 ಕೋಟಿಗೂ ಹೆಚ್ಚು ಜನರ ಹೆಸರು ಪಟ್ಟಿಯಿಂದ ಹೊರಬಿತ್ತು. ಅವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ಅನರ್ಹರೆಂದು ಸಾಬೀತಾಗಿ ಹೊರಬಿದ್ದವರಲ್ಲ. ನಮೂನೆ ಬರಲಿಲ್ಲ, ದಾಖಲೆ ಸಾಲಲಿಲ್ಲ, ಪತ್ರ ಮರಳಿ ಬಂತು ಎಂಬಂಥ ಕಾರ್ಯವಿಧಾನದ ಕಾರಣಗಳಿಗೆ ಹೆಸರು ಕಳೆದುಕೊಂಡವರು. ಅವರಲ್ಲಿ ಯಾರು ಅರ್ಹರು, ಯಾರು ಅಲ್ಲ ಎಂಬುದನ್ನು ಯಾರೂ ನಿರ್ಧರಿಸಲೇ ಇಲ್ಲ. ಲೆಕ್ಕಪರಿಶೋಧಕರು ಕೇಳುವ ಪರಿಶೀಲನೆ ಇದೇ ಆಗಿದ್ದರೆ, ಇಲ್ಲಿ ಪರಿಶೀಲನೆ ನಡೆಯಿತು ಎನ್ನಲಾಗದು.

ಅದರೊಳಗಿನ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಕ್ಕಳ ಮಟ್ಟಿಗೆ ಅದರಷ್ಟು ಬೋಧಪ್ರದವಾದದ್ದು ಬೇರೊಂದಿಲ್ಲ. ಕುಟುಂಬಕ್ಕೆ ನಮೂನೆ ಕಳುಹಿಸುವ ಮೊದಲು, ತೆರಿಗೆ, ವೇತನ, ಆಹಾರ ನೆರವು ಮುಂತಾದ ತನ್ನದೇ ದಾಖಲೆಗಳನ್ನು ನೋಡಿ ಅರ್ಹತೆ ಖಚಿತವಾದರೆ ರಾಜ್ಯವೇ ನವೀಕರಿಸಬೇಕು ಎಂಬುದು ಅಲ್ಲಿನ ನಿಯಮ. ಈ ಸ್ವಯಂ ನವೀಕರಣವನ್ನು ಪ್ರತಿ ವ್ಯಕ್ತಿಗೂ ಪ್ರತ್ಯೇಕವಾಗಿ ಮಾಡಬೇಕು. ಆದರೆ ಅನೇಕ ರಾಜ್ಯಗಳ ತಂತ್ರಾಂಶ ಇಡೀ ಕುಟುಂಬವನ್ನು ಒಂದೇ ಘಟಕವಾಗಿ ನೋಡುತ್ತಿತ್ತು. ಮಕ್ಕಳ ಆದಾಯ ಮಿತಿ ತಾಯ್ತಂದೆಯರ ಮಿತಿಗಿಂತ ಬಹಳ ಮೇಲಿರುತ್ತದೆ. ತಾಯಿ ಅರ್ಹಳಲ್ಲದಿದ್ದರೂ ಮಗು ಅರ್ಹವಾಗಿರುವುದು ಸಾಮಾನ್ಯ ಸಂಗತಿ. ತಾಯಿಯದು ತಾನಾಗಿ ಖಚಿತವಾಗದಿದ್ದಾಗ ತಂತ್ರಾಂಶ ಇಡೀ ಮನೆಗೆ ನಮೂನೆ ಕಳುಹಿಸಿತು, ಅದು ಮರಳಿ ಬಾರದಿದ್ದಾಗ ಮಗುವಿನ ಹೆಸರನ್ನೂ ಅಳಿಸಿತು. ಆ ಮಗುವಿನ ಅರ್ಹತೆಯ ಪುರಾವೆ ಅದೇ ಕಂಪ್ಯೂಟರಿನಲ್ಲಿತ್ತು! 2023ರ ಆಗಸ್ಟ್ ಕೊನೆಗೆ ಮೆಡಿಕೈಡ್‌ನ ಮೇಲ್ವಿಚಾರಣೆ ನಡೆಸುವ ಕೇಂದ್ರ ಸಂಸ್ಥೆ ರಾಜ್ಯಗಳಿಗೆಲ್ಲ ಪತ್ರ ಬರೆದು ಇದನ್ನು ಪ್ರಶ್ನಿಸಿತು. ಮುಂದಿನ ತಿಂಗಳು ಸುಮಾರು 30 ಆಡಳಿತಗಳು ಈ ದೋಷವನ್ನು ಒಪ್ಪಿಕೊಂಡವು, ಮತ್ತು ಮಕ್ಕಳೂ ಸೇರಿ ಸುಮಾರು 5 ಲಕ್ಷ ಜನರಿಗೆ ವಿಮೆ ಮರಳಿಸಬೇಕಾಯಿತು.

ಮೂಲಪ್ರಶ್ನೆ

ಇಷ್ಟೆಲ್ಲ ಅರ್ಹತೆ, ನಮೂನೆ, ನವೀಕರಣ ಎಂದು ಒದ್ದಾಡುವ ಬದಲು ಎಲ್ಲ ಮಕ್ಕಳನ್ನೂ ಹುಟ್ಟಿನಿಂದಲೇ ಸೇರಿಸಿಬಿಟ್ಟರೆ ಆಗದೇ? ಥಾಯ್ಲೆಂಡ್ 2002ರಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡಿತು. ಸರ್ಕಾರಿ ನೌಕರರ ಯೋಜನೆಯಲ್ಲೂ ಇಲ್ಲದ, ಸಾಮಾಜಿಕ ಭದ್ರತೆಯಲ್ಲೂ ಇಲ್ಲದ ಪ್ರತಿ ನಾಗರಿಕನೂ ಮೂರನೆಯ ಯೋಜನೆಗೆ ಸೇರಿದವನೇ ಎಂದು ಘೋಷಿಸಿತು. ಬಡವನೆಂದು ಸಾಬೀತು ಮಾಡುವ ಪ್ರಸಂಗವೇ ಅಲ್ಲಿ ಇಲ್ಲ.

ಕಡತಗಾರ

ನನ್ನ ಒಲವೂ ಅತ್ತಲೇ. ಆದರೆ ಎಲ್ಲ ದೇಶಗಳೂ ಒಂದೇ ನೆಗೆತಕ್ಕೆ ಅಲ್ಲಿಗೆ ಹೋಗುವುದಿಲ್ಲ, ಆ ದಾರಿಯ ನಡುವೆ ಏನು ಸಾಧ್ಯ ಎಂಬುದೂ ಮುಖ್ಯ. ವಿಯೆಟ್ನಾಂ ಆರು ವರ್ಷದೊಳಗಿನ ಮಕ್ಕಳ ವಿಮೆಯನ್ನು ಉಚಿತ ಮಾಡಿದ ಮೇಲೂ ಕಾರ್ಡು ಕೈಸೇರದ ತೊಂದರೆ ಇತ್ತು. 2015ರಲ್ಲಿ ಜನನ ನೋಂದಣಿ, ವಾಸಸ್ಥಳದ ನೋಂದಣಿ ಮತ್ತು ವಿಮಾ ಕಾರ್ಡು ಮೂರನ್ನೂ ಒಂದಕ್ಕೊಂದು ಜೋಡಿಸುವ ಆದೇಶ ಹೊರಬಂತು. ಹುಟ್ಟನ್ನು ದಾಖಲಿಸಲು ಹೇಗೂ ಬರುವ ಮನೆಯವರನ್ನು ಮತ್ತೆರಡು ಕಚೇರಿಗಳಿಗೆ ಅಲೆಸುವುದು ಬೇಡ ಎಂಬುದೇ ಅದರ ತಿರುಳು.

ಸಮಾಜಕಾರ್ಯ

ಭಾರತದ ಅನುಭವವನ್ನೂ ಇಲ್ಲಿ ಸೇರಿಸಬೇಕು. 2008ರಲ್ಲಿ ಆರಂಭವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ, ಒಂದು ಸ್ಮಾರ್ಟ್ ಕಾರ್ಡು, ಐದು ಹೆಸರು. ಯಜಮಾನ, ಆತನ ಪತ್ನಿ, ಮತ್ತೆ ಮೂವರು ಅವಲಂಬಿತರು. ಮನೆಯಲ್ಲಿ ವಯಸ್ಸಾದ ತಾಯಿ ಮತ್ತು ಮೂವರು ಮಕ್ಕಳಿದ್ದರೆ ಒಬ್ಬರನ್ನು ಬಿಡಲೇಬೇಕು. ಯಾರನ್ನು ಬಿಡಬೇಕು ಎಂಬ ತೀರ್ಮಾನವನ್ನು ಯೋಜನೆ ಕುಟುಂಬಕ್ಕೆ ಬಿಟ್ಟುಕೊಟ್ಟಿತು. ಸದ್ಯಕ್ಕೆ ಆರೋಗ್ಯವಾಗಿದೆ ಎನಿಸುವ ಮಗುವಿನ ಹೆಸರು, ಅದರಲ್ಲೂ ಹೆಣ್ಣು ಮಗುವಿನ ಹೆಸರು, ಇಂಥ ಕಡೆ ಸುಲಭವಾಗಿ ಬಿಟ್ಟುಹೋಗುತ್ತದೆ ಎಂಬುದನ್ನು ಊಹಿಸಲು ವಿಶೇಷ ಸಂಶೋಧನೆ ಬೇಕಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಬಂದ ಆಯುಷ್ಮಾನ್ ಭಾರತದಲ್ಲಿ ಮೊತ್ತ 5 ಲಕ್ಷ ರೂಪಾಯಿಗೆ ಏರಿತು, ಕುಟುಂಬದ ಗಾತ್ರ ಮತ್ತು ವಯಸ್ಸಿನ ಮಿತಿಯೂ ಹೋಯಿತು. ನನ್ನ ದೃಷ್ಟಿಯಲ್ಲಿ ಮೊತ್ತ ಏರಿದ್ದಕ್ಕಿಂತ ಮಕ್ಕಳಿಗೆ ಹೆಚ್ಚು ಬೆಲೆಬಾಳುವ ಬದಲಾವಣೆ ಈ ಎರಡನೆಯದು.

ಆದರೆ ಒಂದು ಕೊರತೆ ಹಾಗೆಯೇ ಉಳಿಯಿತು. ಈ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ ಸಂಬಂಧಿಸಿದ್ದು. ಮಕ್ಕಳಿಗೆ ಹೆಚ್ಚಾಗಿ ಬೇಕಾಗುವುದು ಜ್ವರ, ಭೇದಿ, ಕಿವಿನೋವು, ರಕ್ತಹೀನತೆಗಳ ಹೊರರೋಗಿ ಚಿಕಿತ್ಸೆ. ಕೈಯಲ್ಲಿರುವ ಕಾರ್ಡು ದಿನನಿತ್ಯ ಉಪಯೋಗಕ್ಕೆ ಬಾರದಿದ್ದರೆ ಅದನ್ನು ಮಾಡಿಸಲು ಒಂದು ದಿನದ ಕೂಲಿ ಬಿಟ್ಟು ಹೋಗುವ ಉತ್ಸಾಹ ಯಾರಿಗೆ ಬಂದೀತು? ನೋಂದಣಿ ಕಡಿಮೆ ಎಂದು ದೂರುವಾಗ ನಾವು ಏನನ್ನು ಕೊಡುತ್ತಿದ್ದೇವೆ ಎಂಬುದನ್ನೂ ನೋಡಬೇಕು.

ದೂರದವಳು

ಘಾನಾದ ಮಾತನ್ನು ಯಾರೂ ಎತ್ತಲಿಲ್ಲ. ಅಲ್ಲಿ 2003ರ ಕಾನೂನಿನಂತೆ ರಾಷ್ಟ್ರೀಯ ವಿಮೆ ಬಂದಾಗ 18 ವರ್ಷದೊಳಗಿನವರಿಗೆ ಕಂತು ಇರಲಿಲ್ಲ. ಕೇಳಲು ಉದಾರವಾಗಿದೆ. ಆದರೆ ಆರಂಭದ ವರ್ಷಗಳಲ್ಲಿ ಮಗುವಿಗೆ ಆ ವಿನಾಯಿತಿ ಸಿಗಬೇಕಾದರೆ ತಾಯ್ತಂದೆ ತಮ್ಮ ಕಂತು ಕಟ್ಟಿ ಸದಸ್ಯರಾಗಿರಬೇಕಿತ್ತು. ತಮ್ಮ ಕಂತನ್ನು ಕಟ್ಟಲಾಗದವರ ಮಕ್ಕಳೇ ಎಲ್ಲರಿಗಿಂತ ಬಡವರು. ಉಚಿತ ಎಂದ ಬಾಯಿಂದಲೇ ಅವರನ್ನು ಹೊರಗಿಟ್ಟಂತಾಯಿತು. ಮುಂದೆ ಈ ನಂಟನ್ನು ಕಡಿದುಹಾಕಲಾಯಿತು.

ಆದರೂ ತಾಯ್ತಂದೆಯರನ್ನು ಪೂರ್ತಿ ಮರೆತರೂ ಆಗದು. ಅಮೆರಿಕದಲ್ಲಿ 2014ರಿಂದ ಅನೇಕ ರಾಜ್ಯಗಳು ಮೆಡಿಕೈಡ್ ಅನ್ನು ದೊಡ್ಡವರಿಗೆ ವಿಸ್ತರಿಸಿದಾಗ, ಮೊದಲೇ ಅರ್ಹರಾಗಿದ್ದ 7 ಲಕ್ಷಕ್ಕೂ ಹೆಚ್ಚು ಮಕ್ಕಳು ಅದರ ಜೊತೆಗೇ ವಿಮೆಗೆ ಬಂದರು ಎಂದು ಒಂದು ಅಧ್ಯಯನ ಅಂದಾಜಿಸಿದೆ. ಮಕ್ಕಳ ನಿಯಮ ಬದಲಾಗಿರಲಿಲ್ಲ. ತಮಗೂ ಸಿಗುತ್ತದೆ ಎಂದು ಕಚೇರಿಗೆ ಹೋದ ತಾಯ್ತಂದೆಯರು ಮಕ್ಕಳ ಹೆಸರನ್ನೂ ಬರೆಸಿ ಬಂದರು, ಅಷ್ಟೇ. ಮಗುವಿನ ಹಕ್ಕು ತಾಯ್ತಂದೆಯರ ಸದಸ್ಯತ್ವಕ್ಕೆ ಗಂಟುಬೀಳಬಾರದು, ಆದರೆ ತಾಯ್ತಂದೆಯರಿಗೂ ವಿಮೆ ಇದ್ದರೆ ಮಗು ಬೇಗ ಒಳಬರುತ್ತದೆ. ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ.

ಲೆಕ್ಕಪರಿಶೋಧಕ

ತಂತ್ರಾಂಶದ ಪ್ರಸಂಗ ಓದಿ ನನ್ನ ನಿಲುವಿನಲ್ಲಿ ಸ್ವಲ್ಪ ಬದಲಾವಣೆಯಾಗಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಆದರೆ ತಾನಾಗಿ ಸೇರಿಸುವ ವಿಧಾನಕ್ಕೆ ಎರಡು ಆಕ್ಷೇಪಗಳಿವೆ. ಮೊದಲನೆಯದು ಸಮ್ಮತಿ: ಕೇಳದೆ ಸೇರಿಸುವುದು ಸರಿಯೇ? ಎರಡನೆಯದು ಬಳಕೆ: ಹಾಗೆ ಸೇರಿಸಿದ ಮಕ್ಕಳು ವೈದ್ಯರ ಬಳಿ ಹೋಗದಿದ್ದರೆ ವಿಮಾ ಸಂಸ್ಥೆಗೆ ತಲೆಯೆಣಿಕೆಯ ಮೇಲೆ ಹಣ ಹೋಗುತ್ತಲೇ ಇರುತ್ತದೆ, ಮಗುವಿಗೆ ಏನೂ ಸಿಗುವುದಿಲ್ಲ.

ಕಡತಗಾರ

ಎರಡೂ ನ್ಯಾಯವಾದ ಆಕ್ಷೇಪಗಳು, ಮತ್ತು ಎರಡಕ್ಕೂ ಅಮೆರಿಕದ ಲೂಯಿಸಿಯಾನ ರಾಜ್ಯದಲ್ಲಿ ಪಾಠವಿದೆ. 2009ರ ಕೇಂದ್ರ ಕಾನೂನು ಒಂದು ಇಲಾಖೆಯ ತೀರ್ಮಾನವನ್ನು ಇನ್ನೊಂದು ಇಲಾಖೆ ಒಪ್ಪಿಕೊಳ್ಳಲು ಅವಕಾಶ ಕೊಟ್ಟಿತು. ಆಹಾರ ನೆರವು ಪಡೆಯುವ ಕುಟುಂಬದ ಆದಾಯವನ್ನು ಸರ್ಕಾರ ಆಗಲೇ ನೋಡಿದೆ. ವಿಮೆಗಾಗಿ ಮತ್ತೆ ಏಕೆ ಕೇಳಬೇಕು? 2010ರ ಆರಂಭದಲ್ಲಿ ಲೂಯಿಸಿಯಾನ ಹೀಗೆ 10,000ಕ್ಕೂ ಹೆಚ್ಚು ಮಕ್ಕಳನ್ನು ಒಮ್ಮೆಗೇ ಸೇರಿಸಿ, ಕಾರ್ಡನ್ನು ಅಂಚೆಯಲ್ಲಿ ಕಳುಹಿಸಿತು. ಕಾರ್ಡನ್ನು ಬಳಸಿದರೆ ಅದೇ ಸಮ್ಮತಿ. ಮುಂದೆ ನಿಯಮ ಬದಲಾಗಿ, ಆಹಾರ ನೆರವಿನ ಅರ್ಜಿಯಲ್ಲೇ ಒಂದು ಚೌಕದಲ್ಲಿ ಗುರುತು ಹಾಕಿದವರನ್ನು ಮಾತ್ರ ಸೇರಿಸಬೇಕೆಂದಾಯಿತು. ಕೇವಲ ಒಂದು ಗುರುತು, ಆದರೆ ನೋಂದಣಿ ಗಣನೀಯವಾಗಿ ಕುಸಿಯಿತು. ಅತ್ತ, ತಾನಾಗಿ ಸೇರಿದ ಮಕ್ಕಳಲ್ಲಿ ಅನೇಕರು ವಿಮೆಯನ್ನು ಬಳಸಲೇ ಇಲ್ಲ ಎಂಬುದೂ ನಿಜ. ನಿಮ್ಮ ಎರಡನೆಯ ಆಕ್ಷೇಪಕ್ಕೆ ಅಷ್ಟರ ಮಟ್ಟಿಗೆ ಬಲವಿದೆ. ಆದರೆ ಅದಕ್ಕೆ ಪರಿಹಾರ ಕಾರ್ಡು ಕಳುಹಿಸಿದ ಮೇಲೆ ಯಾರಾದರೂ ಆ ಮನೆಗೆ ಫೋನು ಮಾಡಿ ಹತ್ತಿರದ ವೈದ್ಯರು ಯಾರು ಎಂದು ತಿಳಿಸುವುದು. ಕಾರ್ಡನ್ನೇ ಕಳುಹಿಸದಿರುವುದು ಪರಿಹಾರವಲ್ಲ.

ಖರ್ಚಿನ ಭಯಕ್ಕೆ ಬಾಗಿಲು ಮುಚ್ಚಿದ ಉದಾಹರಣೆಯೂ ಇದೆ. ಅರಿಝೋನಾ ರಾಜ್ಯ 2010ರಲ್ಲಿ ತನ್ನ ಚಿಪ್ ಯೋಜನೆಗೆ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ಒಳಗಿದ್ದವರು ವರ್ಷವರ್ಷಕ್ಕೆ ಕರಗುತ್ತಾ ಹೋದರು. ಮತ್ತೆ ಬಾಗಿಲು ತೆರೆದದ್ದು 2016ರಲ್ಲಿ. ಆರು ವರ್ಷವೆಂದರೆ ಒಂದು ಮಗುವಿನ ಇಡೀ ಪ್ರಾಥಮಿಕ ಶಾಲೆ.

ವಲಸೆಯ ಮಗಳು

ಹೆದರಿಕೆಯ ವಿಷಯವನ್ನೂ ಹೇಳಬೇಕು, ಏಕೆಂದರೆ ಅದು ಯಾವ ನಮೂನೆಯಲ್ಲೂ ಕಾಣಿಸುವುದಿಲ್ಲ. ಸರ್ಕಾರಿ ನೆರವು ಪಡೆಯುವ ವಲಸಿಗರಿಗೆ ಕಾಯಂ ವಾಸದ ಅನುಮತಿ ನಿರಾಕರಿಸಬಹುದಾದ ನಿಯಮವನ್ನು ಅಮೆರಿಕದ ಆಡಳಿತ 2018ರಲ್ಲಿ ಪ್ರಸ್ತಾಪಿಸಿ, 2019ರಲ್ಲಿ ಅಂತಿಮಗೊಳಿಸಿ, 2020ರ ಫೆಬ್ರುವರಿಯಲ್ಲಿ ಜಾರಿಗೆ ತಂದಿತು. 2021ರಲ್ಲಿ ಅದು ರದ್ದಾಯಿತು. ಆ ಅಂತಿಮ ನಿಯಮದಲ್ಲಿ 21 ವರ್ಷದೊಳಗಿನವರು ಪಡೆಯುವ ಮೆಡಿಕೈಡ್ ಲೆಕ್ಕಕ್ಕೇ ಬರುತ್ತಿರಲಿಲ್ಲ, ಚಿಪ್ ಕೂಡ ಬರುತ್ತಿರಲಿಲ್ಲ. ಆದರೆ ಆ ವಿನಾಯಿತಿಯ ಸಾಲು ಜನರನ್ನು ತಲುಪಲಿಲ್ಲ, ಹೆದರಿಕೆ ಮಾತ್ರ ತಲುಪಿತು. ಅಲ್ಲೇ ಹುಟ್ಟಿ ನಾಗರಿಕರಾದ ಮಕ್ಕಳ ಹೆಸರನ್ನೂ ತಾಯ್ತಂದೆಯರು ಹಿಂತೆಗೆದುಕೊಂಡರು. 2016ರಿಂದ 2019ರ ನಡುವೆ, ನಿರುದ್ಯೋಗ ಕಡಿಮೆಯಿದ್ದ ಒಳ್ಳೆಯ ದಿನಗಳಲ್ಲೇ, ವಿಮೆಯಿಲ್ಲದ ಮಕ್ಕಳ ಪ್ರಮಾಣ ಮತ್ತೆ ಏರಿ ಶೇ 5.7ಕ್ಕೆ ಮುಟ್ಟಿತು. ಅದಕ್ಕೆ ಇದೊಂದೇ ಕಾರಣ ಎನ್ನುವುದಿಲ್ಲ, ಆದರೆ ಕಾರಣಗಳಲ್ಲಿ ಇದು ಖಂಡಿತ ಒಂದು. ಇಂಥ ಮನೆಗಳಿಗೆ ಸರ್ಕಾರದ ಲಕೋಟೆಗಿಂತ ತಮ್ಮದೇ ಭಾಷೆ ಮಾತನಾಡುವ ಶಾಲೆಯ ಶಿಕ್ಷಕಿ ಅಥವಾ ಆರೋಗ್ಯ ಕಾರ್ಯಕರ್ತೆ ಹೇಳಿದ ಮಾತು ಹೆಚ್ಚು ನಂಬಿಕೆಯದ್ದು.

ಲೆಕ್ಕಪರಿಶೋಧಕ

ಒಂದು ಕೊನೆಯ ಪ್ರಶ್ನೆ. ಇದೆಲ್ಲಕ್ಕೂ ತಗಲುವ ಹಣ ಮರಳುತ್ತದೆ ಎಂಬುದಕ್ಕೆ ಭಾವನೆಯನ್ನು ಬಿಟ್ಟು ಬೇರೆ ಆಧಾರವಿದೆಯೇ?

ಅಂಕಿಅಂಶ

ಇದೆ, ಅದೂ ಕಾನೂನಿನ ಒಂದು ಆಕಸ್ಮಿಕದಿಂದ ಸಿಕ್ಕ ಆಧಾರ. ಅಮೆರಿಕದಲ್ಲಿ ಬಡ ಮಕ್ಕಳಿಗೆ ಮೆಡಿಕೈಡ್ ವಿಸ್ತರಿಸಿದಾಗ 1983ರ ಸೆಪ್ಟೆಂಬರ್ 30ರ ನಂತರ ಹುಟ್ಟಿದವರು ಎಂಬ ಗಡಿ ಹಾಕಿದ್ದರು. ಹೀಗಾಗಿ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಬಡ ಮಗುವಿಗೆ ಸಿಗದ ವಿಮೆ ಅಕ್ಟೋಬರ್‌ನಲ್ಲಿ ಹುಟ್ಟಿದ ಅಷ್ಟೇ ಬಡ ಮಗುವಿಗೆ ಬಾಲ್ಯದ ಕೆಲವು ವರ್ಷ ಸಿಕ್ಕಿತು. ಈ ಎರಡು ಗುಂಪುಗಳನ್ನು ಮುಂದೆ ಹೋಲಿಸಿದ ಸಂಶೋಧಕರು, ಆ ಗಡಿಯ ನಂತರ ಹುಟ್ಟಿದ ಕಪ್ಪು ಮಕ್ಕಳಲ್ಲಿ ಹದಿಹರೆಯದ ಕೊನೆಯ ವರ್ಷಗಳಲ್ಲಿ ರೋಗದಿಂದಾದ ಸಾವು ಕಡಿಮೆ ಇದ್ದುದನ್ನೂ, 25ರ ವಯಸ್ಸಿಗೆ ಆಸ್ಪತ್ರೆಗೆ ದಾಖಲಾಗುವುದು ಕಡಿಮೆ ಇದ್ದುದನ್ನೂ ಕಂಡರು. ಬೇರೆ ಅಧ್ಯಯನಗಳು ಬಾಲ್ಯದಲ್ಲಿ ಮೆಡಿಕೈಡ್ ಇದ್ದವರು ದೊಡ್ಡವರಾದ ಮೇಲೆ ಹೆಚ್ಚು ತೆರಿಗೆ ಕಟ್ಟಿದ್ದನ್ನು ತೋರಿಸಿವೆ. ಒಂದು ಮಗುವಿನ ವಿಮೆಗೆ ತಗಲುವ ಖರ್ಚು ದೊಡ್ಡವರೊಬ್ಬರ ಖರ್ಚಿಗಿಂತ ಮೊದಲೇ ಕಡಿಮೆ.

ಮಕ್ಕಳ ವಾರ್ಡಿನ ದಾದಿ

ಹಾಗಾದರೆ ಏನನ್ನು ಕೇಳಬೇಕು? ಜಾಗೃತಿ ಶಿಬಿರ, ಭಿತ್ತಿಪತ್ರ ಇವು ನಮಗೆ ಸಾಕಾಗಿವೆ.

ಕಡತಗಾರ

ನನ್ನ ಪ್ರಕಾರ ಮೊದಲು ಅವಧಿ. 2024ರ ಜನವರಿ 1ರಿಂದ ಅಮೆರಿಕದ ಎಲ್ಲ ರಾಜ್ಯಗಳೂ ಮಗುವನ್ನು ಒಮ್ಮೆ ಸೇರಿಸಿದರೆ 12 ತಿಂಗಳು ಆದಾಯ ಏರಿಳಿದರೂ ಮುಂದುವರಿಸಬೇಕು. ಆರೆಗನ್ ರಾಜ್ಯ 2022ರಲ್ಲಿ ಅನುಮತಿ ಪಡೆದು ಆರು ವರ್ಷ ತುಂಬುವವರೆಗೂ ಮರುಪರಿಶೀಲನೆ ಬೇಡವೆಂದಿತು, ಮತ್ತು ಲಸಿಕೆಯೂ ಬೆಳವಣಿಗೆಯ ತಪಾಸಣೆಯೂ ಹೆಚ್ಚಾಗಿ ನಡೆಯುವ ವಯಸ್ಸು ಅದೇ ಆದ್ದರಿಂದ ಈ ಆಯ್ಕೆ ಸರಿಯಾದದ್ದು. ಅಪ್ಪನಿಗೆ ಒಂದು ತಿಂಗಳು ಹೆಚ್ಚು ಕೆಲಸ ಸಿಕ್ಕಿತು ಎಂಬ ಕಾರಣಕ್ಕೆ ಮಗುವಿನ ಲಸಿಕೆಯ ಸರದಿ ತಪ್ಪಬಾರದು.

ಎರಡನೆಯದು ಲೆಕ್ಕಪರಿಶೋಧಕರಿಗೂ ಒಪ್ಪಿಗೆಯಾಗಬಹುದು. ಎಷ್ಟು ಮಕ್ಕಳು ಸೇರಿದರು ಎಂಬ ಸಂಖ್ಯೆಯನ್ನು ಎಲ್ಲ ಯೋಜನೆಗಳೂ ಹೆಮ್ಮೆಯಿಂದ ಪ್ರಕಟಿಸುತ್ತವೆ. ಅದರ ಪಕ್ಕದಲ್ಲೇ, ಪ್ರತಿ ತಿಂಗಳೂ, ಎಷ್ಟು ಮಕ್ಕಳ ಹೆಸರು ಅನರ್ಹತೆಗಾಗಿ ಹೋಯಿತು, ಎಷ್ಟು ಮಕ್ಕಳದ್ದು ಬರೀ ಕಾಗದಕ್ಕಾಗಿ ಹೋಯಿತು, ಹೋದವರಲ್ಲಿ ಎಷ್ಟು ಮಂದಿ ಆರು ತಿಂಗಳೊಳಗೆ ಮರಳಿದರು ಎಂಬ ಮೂರು ಸಂಖ್ಯೆಗಳನ್ನೂ ವಯಸ್ಸಿನ ಪ್ರಕಾರ ಪ್ರಕಟಿಸಲಿ.

ಲೆಕ್ಕಪರಿಶೋಧಕ

ಎರಡನೆಯದಕ್ಕೆ ನನ್ನ ಪೂರ್ಣ ಒಪ್ಪಿಗೆ. ಮೊದಲನೆಯದರಲ್ಲಿ 12 ತಿಂಗಳಿಗೆ ಒಪ್ಪಿಗೆ, ಆರು ವರ್ಷಕ್ಕೆ ಇನ್ನೂ ಇಲ್ಲ. ಆರೆಗನ್‌ನ ಖರ್ಚಿನ ಲೆಕ್ಕ ಕೈಗೆ ಬರಲಿ, ಆಮೇಲೆ ಮಾತಾಡೋಣ.